ನಮ್ಮ ಪ್ರೇಮಕತೆಗಳಲ್ಲಿ ಮುದ್ದೆ ಯಾಕೆ ಬೇಯೋದಿಲ್ಲ?

ಮೈಸೂರಿನ ಸಬ್‌ಅರ್ಬನ್ ಬಸ್‌ಸ್ಟ್ಯಾಂಡಿನಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ಬೇಕರಿ ಇದೆ. ಜಿಲ್ಲಾ ಸ್ಟ್ರಿಂಗರ್ ಆದ ನನಗೆ ಆಫೀಸು ಅಂತ ಇಲ್ಲ. ತಾಲ್ಲೂಕು ಸುತ್ತಿ ತಂದ ಸುದ್ದಿಯನ್ನು ಆ ಬೇಕರಿ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಮೊಬೈಲಿನಲ್ಲೇ ಟೈಪ್ ಮಾಡಿ ಕಳಿಸುತ್ತೇನೆ. ಒಂದು ಟೀ, ಒಂದು ಖಾರಾ ಬನ್ ತಗೊಂಡರೆ ಗಂಟೆಹೊತ್ತು ಯಾರೂ ಏಳಿ ಅನ್ನೋದಿಲ್ಲ.

ಅಲ್ಲಿ ಪ್ಯಾಕಿಂಗ್ ಮಾಡುವ ಹುಡುಗಿಯೊಬ್ಬಳು ನಮ್ಮ ಕಡೆಯವಳು. ಬೆಳಗಿನ ಬಸ್ಸಿಗೆ ಬರುತ್ತಾಳೆ, ಕತ್ತಲಾದ ಮೇಲಿನ ಬಸ್ಸಿಗೆ ಹೋಗುತ್ತಾಳೆ. ಹೆಸರು, ಊರು ಬರೀಬೇಡಿ ಅಂದಿದ್ದಾಳೆ, ಬರೆಯೋದಿಲ್ಲ. ನಾನು ಪೇಪರಿನವನು ಅಂತ ಗೊತ್ತಾದ ಮೇಲೆ ಒಂದು ದಿನ ಮೆಲ್ಲಗೆ ಕೇಳಿದಳು, "ಅಣ್ಣ, ನಾನೊಂದು ಕತೆ ಬರೀತಿದೀನಿ. ಕಾಗುಣಿತ ನೋಡ್ತೀರಾ?"

ಮೊಬೈಲಿನಲ್ಲಿ ಕತೆ ಓದುವ ಆ್ಯಪ್‌ಗಳು ನಿಮಗೂ ಗೊತ್ತು. ಅಂಥ ಒಂದರಲ್ಲಿ ಬೇರೆ ಹೆಸರಿಟ್ಟುಕೊಂಡು ಅವಳು ಧಾರಾವಾಹಿ ಬರೆಯುತ್ತಿದ್ದಾಳೆ. ಆಗಲೇ 14 ಭಾಗ ಆಗಿತ್ತು. ಬಸ್ಸಿನಲ್ಲಿ ಹೋಗುತ್ತಾ, ಸೀಟು ಸಿಗದಿದ್ದರೆ ನಿಂತುಕೊಂಡೇ ಒಂದು ಕೈಯಲ್ಲಿ ಬರೆದದ್ದು. ಓದುಗರೂ ಇದ್ದಾರೆ, "ಮುಂದಿನ ಭಾಗ ಬೇಗ ಹಾಕಿ ಮೇಡಂ" ಅಂತ ದಿನಾ ಕೇಳುತ್ತಾರೆ. ನನ್ನ ಎರಡು ಕಾಲಂ ಸುದ್ದಿಗೆ ಯಾರೂ ಹಾಗೆ ಕೇಳಿದ್ದಿಲ್ಲ.

ಕತೆ ಚೆನ್ನಾಗಿ ಓಡುತ್ತದೆ. ಆದರೆ ಕತೆಯ ಹುಡುಗಿ ಬೆಟ್ಟದ ಮೇಲಿನ ಮರದ ಮನೆಯಲ್ಲಿ ಇರುತ್ತಾಳೆ. ಬೆಳಗ್ಗೆ ಎದ್ದು ಓವನ್ನಿನಲ್ಲಿ ಆ್ಯಪಲ್ ಪೈ, ಬ್ಲೂಬೆರಿ ಕೇಕು, ಚಕ್ಕೆ ಹಾಕಿದ ರೊಟ್ಟಿ ಸುಡುತ್ತಾಳೆ. ಘಮ ಹಿಡಿದು ಹುಡುಗ ಬರುತ್ತಾನೆ. ಬರೆದವಳು ಬ್ಲೂಬೆರಿ ತಿಂದಿಲ್ಲ. ದಿನಕ್ಕೆ ನೂರಾರು ಬನ್ನು ಅವಳ ಕೈಮೇಲೆ ಹೋಗುತ್ತದೆ, ಓವನ್ನಿನ ಬಾಯಿ ಹತ್ತಿರ ಮಾತ್ರ ಅವಳಿಗೆ ಕೆಲಸವಿಲ್ಲ.

ಇದೆಲ್ಲ ಎಲ್ಲಿಂದ ತಂದೆ ಅಂತ ಕೇಳಿದೆ. ಮೊಬೈಲ್ ತೋರಿಸಿದಳು. ಬಿಳಿ ಟೋಪಿ, ಉದ್ದನೆ ಲಂಗದ ಹೆಂಗಸರು ಹಿಟ್ಟು ನಾದುವ ವಿಡಿಯೊ. "ಇವರು ಆಮಿಶ್ ಅಂತ ಅಣ್ಣ. ಇವರ ಮೇಲೆ ಬೇಜಾನ್ ಲವ್ ಸ್ಟೋರಿ ಐತೆ."

ಆಮಿಶ್ ಅಂದಾಗ ನನಗೆ ನೆನಪಾದದ್ದು ಎಲೆಕ್ಷನ್ ಟೈಮಿನ ಆಮಿಷ. ಇದು ಅದಲ್ಲ. ಅಮೆರಿಕದ ಪೆನ್ಸಿಲ್ವೇನಿಯ, ಒಹಾಯೊ, ಇಂಡಿಯಾನ ಕಡೆ ಇರುವ ಒಂದು ಕ್ರೈಸ್ತ ಪಂಗಡ ಇವರು. ಮೂಲ ಯುರೋಪಿನದು. ಕಾರು ಇಟ್ಟುಕೊಳ್ಳೋದಿಲ್ಲ, ಕುದುರೆಗಾಡಿಯಲ್ಲಿ ಓಡಾಡುತ್ತಾರೆ. ಊರಿನ ಕರೆಂಟ್ ಲೈನನ್ನು ಮನೆಗೆ ಎಳೆಸಿಕೊಳ್ಳೋದಿಲ್ಲ. ಬೇಸಾಯ, ಮರಗೆಲಸ, ದೊಡ್ಡ ಸಂಸಾರ. ಹೆಂಗಸರು ಮನೆಯಲ್ಲೇ ಬ್ರೆಡ್ಡು, ಕಾಕಂಬಿ ಹಾಕಿದ ಪೈ ಸುಟ್ಟು ರಸ್ತೆ ಬದಿಯಲ್ಲಿ ಪ್ರವಾಸಿಗರಿಗೆ ಮಾರುವುದೂ ಉಂಟು. ಫೋನಿಂದ ದೂರ ಇರಬೇಕು ಅನ್ನುವವರ ಅಡುಗೆಮನೆ ಮೈಸೂರಿನ ಬೇಕರಿ ಹುಡುಗಿಯ ಫೋನಿಗೆ ಬಂದಿದೆ ನೋಡಿ.

ಇವರನ್ನಿಟ್ಟುಕೊಂಡು ಇಂಗ್ಲಿಷಿನಲ್ಲಿ ರಾಶಿ ರಾಶಿ ಪ್ರೇಮ ಕಾದಂಬರಿ ಬಂದಿವೆ. 1997ರಲ್ಲಿ ಬೆವರ್ಲಿ ಲೂಯಿಸ್ ಎಂಬ ಲೇಖಕಿಯ 'ದ ಶನ್ನಿಂಗ್' ಬಂದು ಲಕ್ಷಗಟ್ಟಲೆ ಮಾರಾಟ ಆದಮೇಲೆ ಈ ಬೆಳೆ ಜೋರಾಯಿತು. ರಕ್ಷಾಪುಟದ ಮೇಲೆ ಟೋಪಿ ಹಾಕಿದ ಹುಡುಗಿ, ಹಿಂದೆ ಹೊಲ. ಎಷ್ಟೋ ಪುಸ್ತಕಗಳ ಕೊನೆಯಲ್ಲಿ ಕತೆಯೊಳಗಿನ ಕೇಕು ಮಾಡುವ ವಿಧಾನವೂ ಇರುತ್ತದೆ. ತಮಾಷೆ ಏನಪ್ಪಾ ಅಂದರೆ, ಬರೆಯುವವರಲ್ಲಿ ಹೆಚ್ಚಿನವರು ಆಮಿಶ್ ಅಲ್ಲ, ಓದುವವರಲ್ಲೂ ಹೆಚ್ಚಿನವರು ಅಲ್ಲ. ಕಾರು, ಕಂಪ್ಯೂಟರು, ಕೆಲಸದ ಒತ್ತಡದಲ್ಲಿ ದಣಿದವರು ಇನ್ನೊಬ್ಬರ ಒಲೆಯ ಮುಂದೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಾರೆ.

ನಮ್ಮಲ್ಲೂ ಅದೇ ನಡೀತಿದೆ, ಹೆಸರು ಬೇರೆ ಅಷ್ಟೆ. ಹೈವೇ ಬದಿಯಲ್ಲಿ 'ಹಳ್ಳಿ ಮನೆ ಊಟ' ಅಂತ ಬೋರ್ಡು, ಬಾಗಿಲಿಗೆ ಒಂದು ಒನಕೆ, ಒಂದು ಬೀಸುಕಲ್ಲು. ಆ ಬೀಸುಕಲ್ಲಿನಲ್ಲಿ ಒಂದು ಸೇರು ರಾಗಿ ಬೀಸಿದವರು ಅದನ್ನು ಶೋಕಿಗೆ ಇಡುತ್ತಿರಲಿಲ್ಲ. ಫೆಬ್ರವರಿ 14 ಬಂದರೆ ನನಗೂ ಮೇಲಿನಿಂದ ಫೋನ್ ಬರುತ್ತದೆ, "ಮೈಸೂರ್ ಪಾಕಿನ ಮೇಲೆ ಏನಾದ್ರೂ ಲವ್ ಆ್ಯಂಗಲ್ ಮಾಡಿ." ಮಾಡಿದ್ದೇನೆ. ನಾಲ್ವಡಿಯವರ ಅರಮನೆ ಅಡುಗೆಮನೆ, ಕಾಕಾಸುರ ಮಾದಪ್ಪನವರು, ಕಡಲೆಹಿಟ್ಟು, ತುಪ್ಪ, ಸಕ್ಕರೆ. ಜೊತೆಗೆ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ಸೇರಿಸಿದರೆ ಅರ್ಧ ಪುಟ ತುಂಬುತ್ತದೆ.

ಹಾಗಾಗಿ ಬುದ್ಧಿ ಹೇಳುವ ಯೋಗ್ಯತೆ ನನಗೆ ಅಷ್ಟಿಲ್ಲ. ಆದರೂ ಹೇಳಿದೆ. "ಕಾಣದ ಕೇಕು ಯಾಕೆ ಬರೀತೀಯ? ನಿಮ್ಮವ್ವ ಹಿಟ್ಟು ತಿರುವೋದು ಬರಿ. ಅದರಲ್ಲಿ ಪ್ರೀತಿ ಇಲ್ವಾ?"

ಅವಳು ಕೊಟ್ಟ ಉತ್ತರಕ್ಕಾಗಿಯೇ ಈ ಲೇಖನ ಬರೆಯುತ್ತಿರೋದು.

"ಅಣ್ಣ, ಮುದ್ದೆ ಅಂದ್ರೆ ಯಾರ ಮನೆ ಮುದ್ದೆ ಅಂತ ಬತ್ತದೆ. ಏನ್ ಸಾರು ಅಂತ ಬರೀಬೇಕು. ಬಸ್ಸಾರು ಅಂದ್ರೆ ಒಂದು, ಬಾಡು ಅಂದ್ರೆ ಇನ್ನೊಂದು. ಯಾವ ಬಾಡು ಅಂತ ಕೇಳೋರೂ ಅವ್ರೆ. ಕೇಕ್ ಅಂದ್ರೆ ಯಾರೂ ಏನೂ ಕೇಳಕಿಲ್ಲ."

ಅಷ್ಟು ಹೇಳಿ ಬನ್ನಿನ ಟ್ರೇ ಎತ್ತಿಕೊಂಡು ಒಳಗೆ ಹೋದಳು. ನಾನು ಖಾರಾ ಬನ್ ಕೈಯಲ್ಲಿ ಹಿಡಿದುಕೊಂಡು ಕೂತೆ.

ಅವಳು ಹೇಳಿದ್ದು ನಿಜ. ನಮ್ಮ ಹಳ್ಳಿಗಳಲ್ಲಿ ಜಾತಿ ಎರಡು ಕಡೆ ಗಟ್ಟಿಯಾಗಿ ನಿಂತಿದೆ, ಉಣ್ಣೋದರಲ್ಲಿ ಮತ್ತು ಹೆಣ್ಣು ಕೊಟ್ಟು ತರೋದರಲ್ಲಿ. ಊಟ, ಪ್ರೀತಿ ಎರಡನ್ನೂ ಒಂದೇ ಕತೆಯಲ್ಲಿ ತಂದರೆ ಎರಡು ಬೇಲಿಯನ್ನೂ ಒಟ್ಟಿಗೆ ದಾಟಬೇಕಾಗುತ್ತದೆ. ಬೇಕರಿ ಮಾತ್ರ ಇವೆರಡರ ಹೊರಗೆ ನಿಂತಿದೆ. ಬನ್ನಿನ ಹಿಟ್ಟು ಕಲಸಿದ ಕೈ ಯಾವುದು ಅಂತ ಯಾರೂ ಕೇಳೋದಿಲ್ಲ. ಎರಡು ಲೋಟ ಇಟ್ಟಿದ್ದ ಹೋಟೆಲಿನ ಊರಲ್ಲೂ ಬೇಕರಿಯ ಬನ್ನನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಎಲ್ಲರೂ ನಿಂತೇ ತಿಂದರು. ಹಾಸನದ ಕಡೆಯ ಅಯ್ಯಂಗಾರರು ಬೆಂಗಳೂರಿಗೆ ಹೋಗಿ ಬೇಕರಿ ಇಟ್ಟ ಮೇಲೆ ಆ ಹೆಸರು ರಾಜ್ಯದ ಮೂಲೆಮೂಲೆಗೆ ಹಬ್ಬಿತು. ಈಗ ಆ ಬೋರ್ಡಿನ ಕೆಳಗೆ ಯಾರು ಯಾರೋ ಇದ್ದಾರೆ. ಜಾತಿ ಬೋರ್ಡಿನ ಮೇಲಿದೆ, ಬನ್ನಿನೊಳಗೆ ಇಲ್ಲ. ಪಿಯುಸಿ ಹುಡುಗ ಹುಡುಗಿ ಅರ್ಧ ಅರ್ಧ ಹಂಚಿಕೊಂಡು ತಿನ್ನುವ ತಿಂಡಿಯ ಹೆಸರೇ ದಿಲ್‌ಪಸಂದ್. ಕೊಬ್ಬರಿ, ಟೂಟಿಫ್ರೂಟಿ ತುಂಬಿದ ಆ ತಿಂಡಿಗೆ ಹೃದಯದ ಹೆಸರು ಯಾರು ಇಟ್ಟರೋ, ಪುಣ್ಯಾತ್ಮರು.

ಹಾಗಾದರೆ ಅವಳ ಕತೆಯಲ್ಲಿ ಕೇಕು ಸುಮ್ಮನೆ ಬಂದಿಲ್ಲ. ಅದು ಅಡಗಿಕೊಳ್ಳುವ ಜಾಗ.

ಆದರೆ ಆಮಿಶ್ ಕತೆಗಳಲ್ಲಿ ಅವಳು ಗಮನಿಸದ ಒಂದು ವಿಷಯ ಇದೆ. 'ಶನ್ನಿಂಗ್' ಅಂದರೆ ಬಹಿಷ್ಕಾರ. ದೀಕ್ಷೆ ಪಡೆದ ಮೇಲೆ ಪಂಗಡದ ಕಟ್ಟಳೆ ಮುರಿದು, ತಪ್ಪಾಯಿತು ಅನ್ನದಿದ್ದರೆ ಅವರನ್ನು ದೂರ ಇಡುತ್ತಾರೆ. ದೂರ ಇಡುವುದರಲ್ಲಿ ಮುಖ್ಯವಾದದ್ದು ಏನು ಗೊತ್ತಾ? ಒಂದೇ ಮೇಜಿನಲ್ಲಿ ಊಟಕ್ಕೆ ಕೂರಿಸೋದಿಲ್ಲ. ಹೆತ್ತ ಮಗಳಾದರೂ ಬೇರೆ ಮೇಜು. 1693ರಲ್ಲಿ ಯಾಕೋಬ್ ಅಮ್ಮಾನ್ ಅನ್ನುವ ಮುಖಂಡನ ಹಿಂದೆ ಇವರು ಬೇರೆ ಪಂಗಡ ಆಗಿದ್ದಕ್ಕೂ ಈ ಬಹಿಷ್ಕಾರ ಎಷ್ಟು ಬಿಗಿಯಾಗಿರಬೇಕು ಅನ್ನುವ ಜಗಳವೇ ದೊಡ್ಡ ಕಾರಣ. ಅಂದರೆ ಆ ಘಮಘಮ ಪೈ ಇಟ್ಟಿರುವ ಮೇಜಿನಿಂದಲೇ ಜನರನ್ನು ಎಬ್ಬಿಸಿಯೂ ಕಳಿಸುತ್ತಾರೆ. ಆ ಕತೆಗಳಿಗೆ ಬಿಸಿ ಬಂದಿರೋದು ಓವನ್ನಿನಿಂದ ಮಾತ್ರ ಅಲ್ಲ. ವಿಡಿಯೊದಲ್ಲಿ ಪೈ ಕಾಣುತ್ತದೆ, ಬೇರೆ ಮೇಜು ಕಾಣೋದಿಲ್ಲ.

ಇದನ್ನು ಅವಳಿಗೆ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ನಮ್ಮೂರ ಥರಾನೇ" ಅಂದಳು.

ನಮ್ಮ ಭಾಷೆಯಲ್ಲಿ ಇಂಥ ಕತೆ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. 'ನಳಪಾಕ' ಅನ್ನುವ ಮಾತನ್ನು ಮದುವೆ ಮನೆಯಲ್ಲಿ ದಿನಾ ಕೇಳುತ್ತೇವೆ. ಆ ನಳ ಯಾರು? ಜೂಜಿನಲ್ಲಿ ರಾಜ್ಯ ಕಳೆದುಕೊಂಡು, ರೂಪ ಕೆಟ್ಟು, ಬಾಹುಕ ಅನ್ನುವ ಹೆಸರಿನಲ್ಲಿ ಇನ್ನೊಬ್ಬ ರಾಜನ ಹತ್ತಿರ ಕೆಲಸಕ್ಕಿದ್ದವನು. ಮಹಾಭಾರತದಲ್ಲಿ ದಮಯಂತಿ ಅವನು ಬೇಯಿಸಿದ ಮಾಂಸವನ್ನು ದಾಸಿಯ ಕೈಲಿ ತರಿಸಿ, ರುಚಿ ನೋಡಿ, ಇವನೇ ನನ್ನ ಗಂಡ ಅಂತ ಗುರುತು ಹಿಡಿಯುತ್ತಾಳೆ. ಮುಖದಿಂದ ಅಲ್ಲ, ರುಚಿಯಿಂದ. ಅಡುಗೆ ಮಾಡಿದವನು ಗಂಡಸು, ಬೇಯಿಸಿದ್ದು ಬಾಡು. ಊಟದ ಮೇಲೆ ಪ್ರೇಮಕತೆ ಬರೆಯುವವರು ಇದಕ್ಕಿಂತ ಒಳ್ಳೆಯ ಘಟ್ಟ ಎಲ್ಲಿಂದ ತರುತ್ತಾರೆ?

ಈ ನಳನ ಕತೆಯನ್ನು ಕನ್ನಡದಲ್ಲಿ 'ನಳಚರಿತ್ರೆ'ಯಾಗಿ ಬರೆದವರು ಕನಕದಾಸರು. ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ, ಯಾರು ದೊಡ್ಡವರು ಅಂತ ರಾಮನ ಮುಂದೆ ಪಂಚಾಯ್ತಿ ಮಾಡಿಸಿದ 'ರಾಮಧಾನ್ಯಚರಿತ್ರೆ' ಬರೆದವರೂ ಅವರೇ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಕೆಡದೆ ಗಟ್ಟಿಯಾಗಿ ಉಳಿದದ್ದು ರಾಗಿ. ಊಟದೊಳಗಿನ ಪ್ರೀತಿ, ಊಟದೊಳಗಿನ ಮೇಲುಕೀಳು ಎರಡನ್ನೂ ಒಬ್ಬರೇ ಕಂಡಿದ್ದರು. ನಾವು ಎರಡು ಕತೆಯನ್ನು ಎರಡು ಕಡೆ ಇಟ್ಟು ಮರೆತೆವು.

ಸುಡುವ ವಿದ್ಯೆ ನಮ್ಮದಲ್ಲ ಅನ್ನೋದೂ ಸರಿಯಲ್ಲ. 16ನೆಯ ಶತಮಾನದ ಆರಂಭದ ಹೊತ್ತಿಗೆ ನಮ್ಮ ಮೈಸೂರು ಸೀಮೆಯ ಕಲ್ಲಹಳ್ಳಿಯ ಮಂಗರಸ 'ಸೂಪಶಾಸ್ತ್ರ' ಅಂತ ಅಡುಗೆಯ ಕಾವ್ಯ ಬರೆದ. ಅದು ಶುರುವಾಗೋದೇ ಹಿಟ್ಟಿನ ಅಡುಗೆಗಳಿಂದ. ಮುಚ್ಚಳ ಮುಚ್ಚಿ, ಕೆಳಗೂ ಕೆಂಡ ಮೇಲೂ ಕೆಂಡ ಹಾಕಿ ರೊಟ್ಟಿ ಸುಡುವುದು ಅದರಲ್ಲಿದೆ. ಓವನ್ ಅಂದರೆ ಅಷ್ಟೇ ತಾನೆ?

ನಮ್ಮ ಅಕ್ಕಂದಿರು, ಚಿಕ್ಕಮ್ಮಂದಿರು ಲೈಬ್ರರಿಯಿಂದ ತಂದು ಓದುತ್ತಿದ್ದ ಕಾದಂಬರಿಗಳಿಗೂ ಮೈಸೂರೇ ದೊಡ್ಡ ತವರು. ತ್ರಿವೇಣಿ ಇಲ್ಲೇ ಬಾಳಿ, 1963ರಲ್ಲಿ 34ನೇ ವಯಸ್ಸಿಗೇ ತೀರಿಕೊಂಡರು. 'ಶುಭಮಂಗಳ', 'ಎರಡು ಕನಸು' ಬರೆದ ವಾಣಿಯವರೂ ಮೈಸೂರಿನವರೇ. ಹೆಣ್ಣಿನ ಮನಸ್ಸನ್ನು ಅವರಷ್ಟು ಒಳಗಿನಿಂದ ಬರೆದವರು ಅಪರೂಪ. ಆದರೆ ಆ ಮನೆಗಳಲ್ಲಿ ಕಾಫಿ ಬರುತ್ತಿತ್ತು, ತಟ್ಟೆಯಲ್ಲಿ ತಿಂಡಿ ಬರುತ್ತಿತ್ತು. ಆ ನಡುಮನೆಗೆ ನಮ್ಮಲ್ಲಿ ಎಷ್ಟು ಜನರಿಗೆ ಪ್ರವೇಶ ಇತ್ತು ಅನ್ನೋದು ಬೇರೆ ಮಾತು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ದಲ್ಲಂತೂ ಬಾಲವಿಧವೆಯೊಬ್ಬಳ ಇಡೀ ಬದುಕು ಒಪ್ಪೊತ್ತಿನ ಊಟದಲ್ಲೇ ಕಳೆದುಹೋಗುತ್ತದೆ.

ನಮ್ಮ ಒಲೆಯನ್ನು ನಾನು ಕತೆಯಲ್ಲಿ ಮೊದಲು ಕಂಡದ್ದು ದೇವನೂರ ಮಹಾದೇವರಲ್ಲಿ. ನಂಜನಗೂಡು ತಾಲ್ಲೂಕಿನವರು. 'ಒಡಲಾಳ'ದಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಬೆಂಕಿ ಸುತ್ತ ಕೂತು ಕಡಲೆಕಾಯಿ ಸುಟ್ಟು ತಿನ್ನುತ್ತಾರೆ, ಅದೂ ಕದ್ದು ತಂದ ಮೂಟೆ. ಆ ಒಂದು ರಾತ್ರಿ ಇಡೀ ಮನೆ ನಗುತ್ತದೆ. ಹಸಿವು, ಪ್ರೀತಿ, ಭಯ ಎಲ್ಲ ಒಂದೇ ಬೆಂಕಿಯಲ್ಲಿ. ಇನ್ನು 'ಕುಸುಮಬಾಲೆ'ಯ ಪ್ರೀತಿಗೆ ಏನಾಯಿತು ಅಂತ ಓದಿದವರಿಗೆ ಗೊತ್ತು. ಚನ್ನನನ್ನು ಉಳಿಸಲಿಲ್ಲ.

ಅದು ಕತೆ ಅನ್ನಬೇಡಿ. 2022ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ದಲಿತ ಹುಡುಗನನ್ನು ಪ್ರೀತಿಸಿದ 17ರ ಹುಡುಗಿ ಕೊಲೆಯಾದಳು. ಆರೋಪ ಬಂದದ್ದು ಹೆತ್ತ ತಂದೆಯ ಮೇಲೆ. ಬೇಕರಿ ಹುಡುಗಿ "ಕೇಕ್ ಅಂದ್ರೆ ಯಾರೂ ಕೇಳಕಿಲ್ಲ" ಅಂದಾಗ ಅವಳ ತಲೆಯಲ್ಲಿ ಏನಿತ್ತು ಅಂತ ನನಗೆ ವಿವರಿಸಬೇಕಾಗಿರಲಿಲ್ಲ.

ನನ್ನ ಮನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಡಿಪ್ಲೊಮಾ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬನನ್ನು ಹಬ್ಬಕ್ಕೆ ಊರಿಗೆ ಕರೆದುಕೊಂಡು ಹೋಗಿದ್ದೆ. ಅವ್ವ ಬಾಗಿಲಲ್ಲೇ ನನ್ನನ್ನು ಪಕ್ಕಕ್ಕೆ ಕರೆದು "ಯಾರ ಪೈಕಿ?" ಅಂದಳು. ನಾನು ಹೇಳಿದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಜಗಲಿಯ ಮೇಲೆ ಎಲೆ ಹಾಕಿದಳು. ನನಗೆ ಒಳಗೆ ತಟ್ಟೆ. ನಾನು ಒಳಗೇ ಕೂತು ಉಂಡೆ. ಎದ್ದು ಹೋಗಿ ಅವನ ಪಕ್ಕ ಕೂರಬಹುದಿತ್ತು. ನೀರನ್ನು ಅವ್ವ ಮೇಲಿಂದ ಸುರಿದಳು, ಅವನು ಬೊಗಸೆ ಹಿಡಿದ. ಬಸ್ಸಿನಲ್ಲಿ ವಾಪಸ್ ಬರುವಾಗ "ಸಾರು ಚೆನ್ನಾಗಿತ್ತು ಕಣೋ" ಅಂದ, ಅಷ್ಟೇ. ಮತ್ತೆ ಬರಲಿಲ್ಲ. ದೇವಸ್ಥಾನಕ್ಕೆ ಬಿಡಲಿಲ್ಲ, ಕಟಿಂಗ್ ಮಾಡಲಿಲ್ಲ ಅಂತ ಬೇರೆ ಊರುಗಳ ಸುದ್ದಿಯನ್ನು ಎಷ್ಟೋ ಸಲ ಕಳಿಸಿದ್ದೇನೆ. ನಮ್ಮ ಜಗಲಿಯ ಸುದ್ದಿಯನ್ನು ಇವತ್ತೇ ಬರೆಯುತ್ತಿರೋದು.

ಇದಕ್ಕೇ ನನಗೆ ಅನ್ನಿಸೋದು, ನಮ್ಮಲ್ಲಿ ಊಟ ಪ್ರೇಮಕತೆಗೆ ಒಗ್ಗರಣೆ ಅಲ್ಲ, ಊಟವೇ ಕತೆ. ಹುಡುಗ ಹುಡುಗಿ ಪಾರ್ಕಿನಲ್ಲಿ ಕೈ ಹಿಡಿದರೆ ಊರು ತಡೆದುಕೊಳ್ಳುತ್ತದೇನೋ. ಅವನು ಅವಳ ಮನೆಯ ಒಳಗೆ, ಅವರಪ್ಪನ ಪಕ್ಕ ಕೂತು ಒಂದು ಮುದ್ದೆ ಉಂಡು ಎದ್ದರೆ, ಅರ್ಧ ಮದುವೆ ಆದಂತೆ.

ಮುದ್ದೆಯಲ್ಲಿ ಬರೆಯೋಕೆ ಏನಿದೆ ಅನ್ನುವವರು ಅದು ಆಗುವುದನ್ನು ನೋಡಿಲ್ಲ. ಎಸರು ಮರಳಬೇಕು. ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೋಲಿನಿಂದ ತೂತು ಮಾಡಿ ಬಿಡಬೇಕು, ಆ ತೂತಿನಿಂದ ನೀರು ಉಕ್ಕಿ ಹಿಟ್ಟಿನ ಮೇಲೆ ಹರಿಯುತ್ತದೆ. ಆಗ ಕೈ ಹಾಕಬಾರದು. ಅವಸರ ಮಾಡಿದರೆ ಗಂಟು. ಬೆಂದ ವಾಸನೆ ಬಂದಮೇಲೆ ಮಡಕೆಯನ್ನು ಅದುಮಿ ಹಿಡಿದು ಕೋಲಿನಿಂದ ತಿರುವಬೇಕು. ಭುಜ ನೋಯುತ್ತದೆ, ಹೊಗೆಗೆ ಕಣ್ಣು ಸುರಿಯುತ್ತದೆ. ಆಮೇಲೆ ಕೈಗೆ ನೀರು ಮುಟ್ಟಿಸಿಕೊಂಡು ಸುಡುಸುಡುವ ಹಿಟ್ಟನ್ನು ಉಂಡೆ ಕಟ್ಟಬೇಕು. ಯಾರಿಗೆ ಎಷ್ಟು ದೊಡ್ಡ ಮುದ್ದೆ ಅನ್ನೋದು ಅವಳ ಕೈಗೆ ಗೊತ್ತಿರುತ್ತದೆ. ಹೊಲದಿಂದ ಬಂದವನಿಗೆ ಒಂದು ಗಾತ್ರ, ಜ್ವರದಿಂದ ಎದ್ದವನಿಗೆ ಇನ್ನೊಂದು. ತನಗೆ ತಳದಲ್ಲಿ ಉಳಿದದ್ದು. ಹೊಸದಾಗಿ ಬಂದ ಹುಡುಗ ಅಗಿಯುತ್ತಾನೋ ನುಂಗುತ್ತಾನೋ ನೋಡಿದರೆ ಯಾವ ಸೀಮೆಯವನು ಅಂತ ತಿಳಿಯುತ್ತದೆ. ಇಷ್ಟು ಸಾಮಾನು ಬ್ಲೂಬೆರಿ ಕೇಕಿನಲ್ಲಿ ಇದೆಯಾ?

ಆದರೆ ನಾನು ಹೇಳುವುದರ ಇನ್ನೊಂದು ಮಗ್ಗಲೂ ಇದೆ. ಅದನ್ನು ತೋರಿಸಿದ್ದೂ ಅವಳೇ. "ಬೆಳಗ್ಗೆಯಿಂದ ನಿಂತು ಕಾಲು ಊದಿರ್ತದೆ ಅಣ್ಣ. ಬಸ್ಸಲ್ಲಿ ಕೂತ್ಕೊಂಡು ಅದೇ ಹೊಗೆ, ಅದೇ ಜಗಳ ಬರೀಲಾ? ಒಸಿ ಹೊತ್ತು ಬೆಟ್ಟದ ಮನೇಲಿ ಇರ್ತೀನಿ ಬಿಡಿ." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕಷ್ಟಪಡುವವರು ಕಷ್ಟದ ಕತೆಯನ್ನೇ ಬರೀಬೇಕು, ಸುಖದ ಕನಸು ಸಿಟಿಯವರಿಗೆ ಇರಲಿ ಅನ್ನೋದು ಕೂಡ ಒಂದು ಥರ ಜಗಲಿಯಲ್ಲಿ ಎಲೆ ಹಾಕೋದೇ. ಆಮಿಶ್ ಕತೆ ಓದುವ ಅಮೆರಿಕದ ಹೆಂಗಸಿಗೆ ಇರುವ ಹಕ್ಕು ಅವಳಿಗೂ ಇದೆ. ಕೇಕು ಇರಲಿ, ಬೆಟ್ಟದ ಮನೆಯೂ ಇರಲಿ. ಆದರೆ ಅವಳ ಕತೆಯ ಹುಡುಗ ಹುಡುಗಿ ಒಂದಲ್ಲ ಒಂದು ದಿನ ಬೆಟ್ಟ ಇಳಿದು ಊರಿಗೆ ಬರಲೇಬೇಕಲ್ಲ, ಆಗ ಏನು ಉಣ್ಣುತ್ತಾರೆ, ಎಲ್ಲಿ ಕೂತು ಉಣ್ಣುತ್ತಾರೆ ಅನ್ನೋದಷ್ಟೇ ನನ್ನ ಪ್ರಶ್ನೆ.

ಹದಿನೈದು ದಿನ ಬಿಟ್ಟು ಮೊಬೈಲ್ ಕೈಗೆ ಕೊಟ್ಟಳು. 15ನೇ ಭಾಗ. ಹುಡುಗಿ ಊರಿಗೆ ಬಂದಿದ್ದಾಳೆ. ಹುಡುಗ ಬೇಕರಿಯ ಟೆಂಪೊ ಓಡಿಸುವವನು ಅಂತ ಈಗ ಗೊತ್ತಾಗುತ್ತದೆ, ಹದಿನಾಲ್ಕು ಭಾಗ ಅವನಿಗೆ ಕೆಲಸವೇ ಇರಲಿಲ್ಲ. ಮಳೆಗೆ ಟೆಂಪೊ ಕೆಟ್ಟು ಅವಳ ಮನೆ ಬಾಗಿಲಿಗೆ ಬಂದು ನಿಂತಿದ್ದಾನೆ. ಒಳಗೆ ಹಿಟ್ಟಿನ ಎಸರು ಮರಳುತ್ತಿದೆ. ಅವಳವ್ವ ಕೋಲು ಕೈಯಲ್ಲಿ ಹಿಡಿದೇ ಹೊರಗೆ ಬಂದು ಕೇಳುತ್ತಾಳೆ, "ಯಾರ ಪೈಕಿ ಮಗ ನೀನು?"

ಅಲ್ಲಿಗೆ ನಿಂತಿದೆ. ಅದುವರೆಗಿನ ಹದಿನಾಲ್ಕು ಭಾಗದಲ್ಲಿ ಎಲ್ಲೂ ಇಲ್ಲದ ಜೀವ ಈ ಒಂದು ಪುಟದಲ್ಲಿತ್ತು. ಕಾಗುಣಿತ ತಪ್ಪಿತ್ತು, ತಿದ್ದಲು ಮನಸ್ಸಾಗಲಿಲ್ಲ.

"ಏನ್ ಮಾಡ್ಲಿ ಅಣ್ಣ, ಒಳಕ್ಕೆ ಕೂರಿಸ್ಲಾ, ಜಗಲೀಲಾ?" ಅಂತ ಕೇಳಿದಳು. ಒಳಗೆ ಕೂರಿಸಿದರೆ ಸುಳ್ಳು ಅಂತಾರೆ, ಜಗಲಿಯಲ್ಲಿ ಕೂರಿಸಿದರೆ ಓದೋರು ಬಿಟ್ಟು ಹೋಗ್ತಾರೆ ಅನ್ನೋದು ಅವಳ ಚಿಂತೆ. ಊರಿನವರು ಯಾರಾದರೂ ಓದಿ, ಬರೆದವಳು ಯಾರು ಅಂತ ಗುರುತು ಹಿಡಿದರೆ ಅನ್ನೋದು ಅವಳು ಬಾಯಿಬಿಟ್ಟು ಹೇಳದ ಚಿಂತೆ. ನಾನು ನನ್ನ ಗೆಳೆಯನ ಕತೆ ಹೇಳಿದೆ. ಹುಡುಗನನ್ನು ಜಗಲಿಯಲ್ಲೇ ಕೂರಿಸು, ಆದರೆ ಹುಡುಗಿ ತನ್ನ ತಟ್ಟೆ ಎತ್ತಿಕೊಂಡು ಬಂದು ಅವನ ಪಕ್ಕ ಕೂರಲಿ ಅಂದೆ. "ನೀವು ಅವತ್ತು ಯಾಕೆ ಕೂರ್ಲಿಲ್ಲ?" ಅಂದಳು.

ಅಷ್ಟರಲ್ಲಿ ಒಳಗಿನಿಂದ ಕೂಗಿದರು, ಸಾಯಂಕಾಲದ ಲೋಡು ಬಂದಿತ್ತು. 16ನೇ ಭಾಗ ಇನ್ನೂ ಬಂದಿಲ್ಲ. ಇವತ್ತು ಬೆಳಗ್ಗೆಯೂ ತೆಗೆದು ನೋಡಿದೆ.